ಹಸುಳೆಯ ಜ್ವರ: ಬೆಳಗಾಗುವವರೆಗೆ ಕಾಯಬಹುದೆ?

ಮಗುವಿನ ಮೈ ಸುಡುತ್ತಿದೆ ಎಂದು ತಾಯಿ ಹೇಳಿದೊಡನೆ ಮನೆಯವರು ಕೇಳುವ ಮೊದಲ ಪ್ರಶ್ನೆ "ಎಷ್ಟು ಡಿಗ್ರಿ?" ಎಂಬುದು. ಅದಕ್ಕಿಂತ ಮೊದಲು ಕೇಳಬೇಕಾದ ಪ್ರಶ್ನೆಯೊಂದಿದೆ: ಮಗುವಿಗೆ ಈಗ ಎಷ್ಟು ದಿನ? ಎರಡು ವರ್ಷದ ಮಗುವೊಂದು ೧೦೨ ಡಿಗ್ರಿ ಜ್ವರದಲ್ಲಿಯೂ ನೀರು ಕುಡಿದು, ತಾಯಿಯ ಮುಖ ನೋಡಿ ನಕ್ಕು, ಔಷಧಿ ಕೊಟ್ಟ ಮೇಲೆ ಆಟಿಕೆಯತ್ತ ಕೈಚಾಚುತ್ತಿದ್ದರೆ ಆ ರಾತ್ರಿಯನ್ನು ಮನೆಯಲ್ಲಿಯೇ ಕಳೆದು ಬೆಳಗ್ಗೆ ವೈದ್ಯರಲ್ಲಿಗೆ ಹೋಗುವುದರಲ್ಲಿ ತಪ್ಪಿಲ್ಲ. ಇಪ್ಪತ್ತು ದಿನದ ಹಸುಳೆಯ ಮಾತು ಬೇರೆ. ಅದಕ್ಕೆ ೧೦೦.೪ ಡಿಗ್ರಿ, ಅಂದರೆ ೩೮ ಸೆಂಟಿಗ್ರೇಡ್, ಕಂಡರೆ ಸಾಕು. ಗಂಟೆ ಎಷ್ಟೇ ಆಗಿರಲಿ, ಹೊರಗೆ ಮಳೆಯೇ ಸುರಿಯುತ್ತಿರಲಿ, ಎತ್ತಿಕೊಂಡು ಮಕ್ಕಳ ವೈದ್ಯರಿರುವ ಆಸ್ಪತ್ರೆಗೆ ಹೊರಡಲೇಬೇಕು. ಈ ಭೇದ ತಿಳಿಯದ ಕಾರಣ ಎಷ್ಟೋ ಮನೆಗಳಲ್ಲಿ ದೊಡ್ಡ ಮಗುವಿಗಾಗಿ ನಡುರಾತ್ರಿಯ ಓಟ ನಡೆಯುತ್ತದೆ. ಹಸುಳೆಯ ಪಾಲಿಗೆ ಮಾತ್ರ "ಬೆಳಗಾಗಲಿ, ನೋಡೋಣ" ಎಂಬ ಮಾತು ಉಳಿಯುತ್ತದೆ.

ಹುಟ್ಟಿದ ಮೊದಲ ಮೂರು ತಿಂಗಳು ಮಗುವಿನ ದೇಹಕ್ಕೆ ಸೋಂಕನ್ನು ಒಂದೆಡೆ ತಡೆದು ನಿಲ್ಲಿಸುವ ಶಕ್ತಿ ಇನ್ನೂ ಕೂಡಿರುವುದಿಲ್ಲ. ದೊಡ್ಡವರಲ್ಲಿ ಮೂತ್ರನಾಳದಲ್ಲಿಯೋ ಶ್ವಾಸಕೋಶದಲ್ಲಿಯೋ ನಿಂತುಬಿಡಬಹುದಾದ ರೋಗಾಣು ಹಸುಳೆಯಲ್ಲಿ ಕೆಲವೇ ಗಂಟೆಗಳಲ್ಲಿ ರಕ್ತಕ್ಕೂ, ಅಲ್ಲಿಂದ ಮಿದುಳಿನ ಪೊರೆಗೂ ತಲಪಬಲ್ಲದು. ಕತ್ತು ಬಿಗಿಯುವುದು ಮೊದಲಾದ ಲಕ್ಷಣಗಳು ದೊಡ್ಡ ಮಕ್ಕಳಲ್ಲಿ ಕಾಣುವಂತೆ ಹಸುಳೆಯಲ್ಲಿ ಕಾಣುವುದಿಲ್ಲ. ಬಹಳ ಸಲ ಜ್ವರವೊಂದೇ ಸುಳಿವು. ಜ್ವರ ಬಂದ ಹಸುಳೆಗಳಲ್ಲಿ ಹೆಚ್ಚಿನವಕ್ಕೆ ತಾನಾಗಿ ವಾಸಿಯಾಗುವ ವೈರಸ್ ಸೋಂಕೇ ಇರುತ್ತದೆ ಎಂಬುದು ನಿಜ. ಆದರೆ ಯಾವ ಮಗುವಿಗೆ ಸಾಧಾರಣ ಸೋಂಕು, ಯಾವ ಮಗುವಿಗೆ ಪ್ರಾಣಾಂತಿಕವಾದದ್ದು ಎಂಬುದನ್ನು ನುರಿತ ವೈದ್ಯರೂ ಬರಿಗಣ್ಣಿನಿಂದ ನೋಡಿ ಖಚಿತವಾಗಿ ಹೇಳಲಾರರು. ರಕ್ತ, ಮೂತ್ರ, ಕೆಲವೊಮ್ಮೆ ಬೆನ್ನುಹುರಿಯ ಸುತ್ತಲಿನ ದ್ರವ, ಇವುಗಳನ್ನು ಪರೀಕ್ಷಿಸಿಯೇ ತೀರ್ಮಾನಕ್ಕೆ ಬರಬೇಕು. ವೈದ್ಯರಿಗೇ ಆಗದ ಈ ನಿರ್ಣಯವನ್ನು ದೂರವಾಣಿಯ ಆ ತುದಿಯಲ್ಲಿ ಕುಳಿತ ಅಜ್ಜಿಯಿಂದಲೋ ಔಷಧಿ ಅಂಗಡಿಯವನಿಂದಲೋ ನಿರೀಕ್ಷಿಸುವುದು ಆ ಇಬ್ಬರಿಗೂ ಮಾಡುವ ಅನ್ಯಾಯ.

ಅಜ್ಜಿಯ ಮಾತು ಬಂದುದರಿಂದ ಅದನ್ನು ಸ್ವಲ್ಪ ಬಿಡಿಸಿ ನೋಡಬೇಕು. ಹಿಂದೆ ಚೊಚ್ಚಲ ಹೆರಿಗೆಗೆ ಮಗಳು ತವರಿಗೆ ಹೋಗಿ, ಬಾಣಂತನ ಮುಗಿಸಿಕೊಂಡು, ಮಗುವಿಗೆ ಮೂರೋ ಐದೋ ತಿಂಗಳು ತುಂಬಿದ ಮೇಲೆ ಮುಂಬಯಿಗೋ ಪುಣೆಗೋ ಮರಳುತ್ತಿದ್ದಳು. ಅತ್ಯಂತ ಅಪಾಯದ ಆ ಮೊದಲ ತಿಂಗಳುಗಳು ಹಿರಿಯರ ಕಣ್ಣೆದುರಿಗೆ ಕಳೆಯುತ್ತಿದ್ದವು. ಇಂದು ಅನೇಕ ಹೆರಿಗೆಗಳು ನಗರದಲ್ಲಿಯೇ ಆಗುತ್ತವೆ. ತಾಯಿ ಊರಿನಿಂದ ಬಂದು ಆರು ವಾರವಿದ್ದು, ಅಲ್ಲಿಯ ಹೊಲಮನೆಗಳ ಚಿಂತೆಯಿಂದ ಹಿಂದಿರುಗುತ್ತಾರೆ. ಗಂಡ ರಾತ್ರಿ ಪಾಳಿಗೋ ಹೋಟೆಲ್ ಕೆಲಸಕ್ಕೋ ಹೋದಾಗ ಮನೆಯಲ್ಲಿ ಉಳಿಯುವವಳು ಇಪ್ಪತ್ತೆರಡು ಇಪ್ಪತ್ಮೂರರ ಒಬ್ಬ ಹೆಣ್ಣುಮಗಳು ಮತ್ತು ಎರಡು ತಿಂಗಳ ಕೂಸು. ಅವಳು ಊರಿಗೆ ಫೋನು ಮಾಡುತ್ತಾಳೆ. ಆ ಕಡೆಯಿಂದ "ಹಲ್ಲು ಬರೋ ಜ್ವರ ಇರಬೇಕು", "ದೃಷ್ಟಿಯಾಗಿದೆ, ಉಪ್ಪು ಮೆಣಸಿನಕಾಯಿ ನಿವಾಳಿಸು", "ನಿನಗೂ ಹೀಗೇ ಆಗಿತ್ತು" ಎಂಬ ಉತ್ತರಗಳು ಬರುತ್ತವೆ. ಎರಡು ತಿಂಗಳ ಮಗುವಿಗೆ ಹಲ್ಲಿನ ಕಾಲ ಸಾಮಾನ್ಯವಾಗಿ ಇನ್ನೂ ದೂರವಿದೆ. ಹಲ್ಲು ಮೂಡುವಾಗಲೂ ಮೈ ಒಂದಿಷ್ಟು ಬೆಚ್ಚಗಾಗಬಹುದೇ ಹೊರತು ೧೦೦.೪ನ್ನು ಮೀರಿದ ಜ್ವರವನ್ನು ಹಲ್ಲಿನ ಲೆಕ್ಕಕ್ಕೆ ಹಾಕುವಂತಿಲ್ಲ. ನಿವಾಳಿಸುವುದರಿಂದ ಕೇಡೇನೂ ಇಲ್ಲ, ಆಟೋರಿಕ್ಷಾ ಬಾಗಿಲಿಗೆ ಬರುವಷ್ಟರಲ್ಲಿ ಅದನ್ನು ಮಾಡಿ ಮುಗಿಸುವುದಾದರೆ. ಹೊಟ್ಟೆಗೆ ಕಾದ ಲೋಹದ ಬರೆ ಎಳೆಯುವ ಕ್ರೂರ ಪದ್ಧತಿ ಮಾತ್ರ ಕ್ಷಮೆಗೆ ಅರ್ಹವಲ್ಲ. ಆ ಸುಟ್ಟ ಗಾಯವೇ ಮತ್ತೊಂದು ಸೋಂಕಿಗೆ ಬಾಗಿಲು.

ಆದರೂ ಅಜ್ಜಿಯನ್ನು ಪೂರ್ತಿ ತಳ್ಳಿಹಾಕುವುದು ಅವಿವೇಕ. "ಕೂಸು ಹಾಲು ಕಚ್ಚುತ್ತಿಲ್ಲವಲ್ಲ, ಯಾಕೆ?" ಎಂದು ಥರ್ಮಾಮೀಟರಿಗಿಂತ ಮೊದಲು ಗುರುತಿಸುವವಳು ಅವಳೇ. ವಿಶ್ವ ಆರೋಗ್ಯ ಸಂಸ್ಥೆಯ ಕ್ರಮವನ್ನು ಅನುಸರಿಸಿ ಭಾರತದಲ್ಲಿ ಆರೋಗ್ಯ ಕಾರ್ಯಕರ್ತೆಯರಿಗೆ ಕಲಿಸುವ ಪಟ್ಟಿಯಲ್ಲಿ ಎರಡು ತಿಂಗಳೊಳಗಿನ ಶಿಶುವಿನ ಅಪಾಯ ಚಿಹ್ನೆಗಳು ಇವು: ಮೊಲೆಯುಣ್ಣಲಾರದಿರುವುದು, ಸೆಳವು ಬರುವುದು, ನಿಮಿಷಕ್ಕೆ ೬೦ ಅಥವಾ ಅದಕ್ಕಿಂತ ಹೆಚ್ಚು ಸಲ ಉಸಿರಾಡುವುದು, ಉಸಿರೆಳೆದಾಗ ಪಕ್ಕೆಲುಬಿನ ಕೆಳಭಾಗ ಒಳಕ್ಕೆ ಕುಸಿಯುವುದು, ಎಬ್ಬಿಸಿದರೂ ಸರಿಯಾಗಿ ಎಚ್ಚರಗೊಳ್ಳದೆ ಜೋಲುಬೀಳುವುದು, ಕಂಕುಳಿನಲ್ಲಿ ೩೭.೫ ಸೆಂಟಿಗ್ರೇಡಿಗೆ, ಅಂದರೆ ೯೯.೫ ಡಿಗ್ರಿಗೆ, ಮುಟ್ಟಿದ ಅಥವಾ ಮೀರಿದ ಉಷ್ಣತೆ. ಅದೇ ಪಟ್ಟಿಯಲ್ಲಿ ೩೫.೫ಕ್ಕಿಂತ ಕಡಿಮೆ ಉಷ್ಣತೆಯೂ ಇದೆ ಎಂಬುದನ್ನು ಅನೇಕರು ಅರಿಯರು. ತೀವ್ರ ಸೋಂಕು ತಗುಲಿದ ಹಸುಳೆಯ ಮೈ ಸುಡುವ ಬದಲು ತಣ್ಣಗಾಗುವುದುಂಟು. "ಮೈ ಬಿಸಿಯಿಲ್ಲ, ಹಾಗಾದರೆ ಜ್ವರವಿಲ್ಲ" ಎಂದು ನೆಮ್ಮದಿ ತಾಳಿದ ಮನೆಯಲ್ಲಿ ಮಗು ಹಾಲು ಬಿಟ್ಟು ಮಲಗಿದ್ದರೆ ಅದು ನೆಮ್ಮದಿಯ ಸಂಗತಿಯಲ್ಲ.

ಜರ್ಮನಿಯ ವೈದ್ಯ ವುಂಡರ್ಲಿಖ್ ೧೮೬೮ರಲ್ಲಿ ತನ್ನ ಗ್ರಂಥವನ್ನು ಪ್ರಕಟಿಸಿ, ದೇಹದ ಉಷ್ಣತೆಯನ್ನು ಅಳೆದು ಬರೆದಿಡುವ ಕ್ರಮಕ್ಕೆ ವೈದ್ಯಕೀಯದಲ್ಲಿ ನೆಲೆ ಒದಗಿಸಿ ಒಂದೂವರೆ ಶತಮಾನ ಕಳೆಯಿತು. ಗೋಡೆಯಗಲದ ಟಿ.ವಿ. ಇರುವ ಎಷ್ಟೋ ಮನೆಗಳಲ್ಲಿ ಇಂದಿಗೂ ಒಂದು ಥರ್ಮಾಮೀಟರು ಇಲ್ಲ, ಅಂಗೈಯೇ ಅಳತೆಗೋಲು. ಅಡಿಗೆಮನೆಯಿಂದ ಬಂದ ಕೈಗೂ ತಣ್ಣೀರು ಮುಟ್ಟಿದ ಕೈಗೂ ಒಂದೇ ಹಣೆ ಬೇರೆಬೇರೆಯಾಗಿ ತೋರುತ್ತದೆ. ಸಾಧಾರಣ ಡಿಜಿಟಲ್ ಥರ್ಮಾಮೀಟರನ್ನು ಒಣಗಿದ ಕಂಕುಳಿನಲ್ಲಿಟ್ಟು, ತೋಳನ್ನು ಮೈಗೆ ಒತ್ತಿ ಹಿಡಿದು, ಅದು ಸದ್ದು ಮಾಡುವವರೆಗೆ ಕಾದರೆ ಸಾಕು. ಇಲ್ಲಿ ಬಾಣಂತನದ ಒಂದು ರೂಢಿಯನ್ನೂ ನೆನೆಯಬೇಕು. ಮಲೆನಾಡಿನ ಥಂಡಿಗೆ ಹೊಂದುವ ಕುಲಾವಿ, ಉಣ್ಣೆಯ ಬಟ್ಟೆ, ಮೇಲೊಂದು ಕಂಬಳಿ, ಇವನ್ನೆಲ್ಲ ಮೇ ತಿಂಗಳ ಮುಂಬಯಿಯ ಒಂದು ಕೋಣೆಯ ಮನೆಯಲ್ಲಿಯೂ ಮಗುವಿಗೆ ಹೊದಿಸಿದರೆ ಮೈ ಬಿಸಿಯೇರುವುದು ಸಹಜ. ಹೊದಿಕೆ ತೆಗೆದು, ಕಾಲು ಗಂಟೆ ಬಿಟ್ಟು ಮತ್ತೊಮ್ಮೆ ಅಳೆಯಬೇಕು. ಆಗಲೂ ಹಾಗೆಯೇ ಇದ್ದರೆ ಅದು ಹೊದಿಕೆಯ ಬಿಸಿಯಲ್ಲ. ಇಳಿದರೂ ಮಗು ಮಂಕಾಗಿದ್ದರೆ, ಹಾಲು ಒಲ್ಲದಿದ್ದರೆ, ಥರ್ಮಾಮೀಟರಿನ ಮಾತನ್ನು ಬದಿಗಿಟ್ಟು ಹೊರಡಬೇಕು.

ಆರನೆಯ ವಾರದ ಲಸಿಕೆಯ ಮೇಲೆ ಜ್ವರ ಬರುವುದುಂಟು. ಅದು ಸಾಮಾನ್ಯವಾಗಿ ಒಂದೆರಡು ದಿನದಲ್ಲಿ ಇಳಿಯುತ್ತದೆ. ಆದರೆ ಎಲ್ಲ ಜ್ವರವನ್ನೂ ಸೂಜಿಯ ತಲೆಗೆ ಕಟ್ಟಬಾರದು. ಆ ವಯಸ್ಸಿನಲ್ಲಿ ಲಸಿಕೆಯ ನಂತರದ ಜ್ವರವನ್ನೂ ವೈದ್ಯರಿಗೆ ತಿಳಿಸಿಯೇ ಮುಂದುವರಿಯುವುದು ಲೇಸು.

ಇನ್ನು ಔಷಧಿ ಅಂಗಡಿ. ಮಹಾನಗರದಲ್ಲಿ ಅದು ವೈದ್ಯರಿಗಿಂತ ಹತ್ತಿರ, ಅಗ್ಗ. ಸರತಿಯಲ್ಲಿ ನಿಲ್ಲುವ ಕಷ್ಟವಿಲ್ಲ. ಅಲ್ಲಿಂದ ಬರುವ ಪ್ಯಾರಾಸಿಟಮಾಲ್ ಒಳ್ಳೆಯ ಔಷಧಿಯೇ, ಆದರೆ ಅದರ ಸೀಸೆಗಳು ಒಂದೇ ಬಗೆಯವಲ್ಲ. ಹನಿಯ ರೂಪದ್ದರಲ್ಲಿ ಸಾಮಾನ್ಯವಾಗಿ ೧ ಮಿಲಿಲೀಟರಿಗೆ ೧೦೦ ಮಿಲಿಗ್ರಾಂ ಇದ್ದರೆ, ಸಿರಪ್ಪಿನಲ್ಲಿ ೫ ಮಿಲಿಲೀಟರಿಗೆ ೧೨೦, ೧೨೫ ಅಥವಾ ೨೫೦ ಮಿಲಿಗ್ರಾಂ ಇರುತ್ತದೆ. ಮಗುವಿನ ತೂಕದ ಪ್ರತಿ ಕಿಲೋಗೆ ಒಂದು ಸಲಕ್ಕೆ ೧೦ರಿಂದ ೧೫ ಮಿಲಿಗ್ರಾಂ ಎಂಬುದು ವೈದ್ಯರ ಲೆಕ್ಕ. ಆರು ಕಿಲೋ ತೂಗುವ ಮಗುವಿಗೆ ಹೆಚ್ಚೆಂದರೆ ೯೦ ಮಿಲಿಗ್ರಾಂ. ಅಣ್ಣನ ಸಿರಪ್ಪಿನ ಚಮಚೆಯಲ್ಲಿ ತಂಗಿಗೆ ಹನಿಯ ಔಷಧಿಯನ್ನು ೫ ಮಿಲಿಲೀಟರು ಅಳೆದು ಕುಡಿಸಿದರೆ ೫೦೦ ಮಿಲಿಗ್ರಾಂ ಒಳಗೆ ಹೋದಂತಾಯಿತು, ಯಕೃತ್ತಿಗೆ ಪೆಟ್ಟಾಗಬಹುದು. ಮೂರು ತಿಂಗಳೊಳಗಿನ ಮಗುವಿಗಂತೂ ವೈದ್ಯರು ಹೇಳದೆ ಜ್ವರದ ಔಷಧಿ ಕೊಡಲೇಬಾರದು. ಜ್ವರ ಇಳಿದು ಸುಳಿವು ಅಳಿಸಿಹೋಗುತ್ತದೆ, ಸೋಂಕು ಹಾಗೆಯೇ ಉಳಿಯುತ್ತದೆ. ಆಸ್ಪಿರಿನ್ ಮಕ್ಕಳಿಗೆ ಸಲ್ಲದು. ನಿಮೆಸುಲೈಡ್ ಎಂಬುದನ್ನು ೧೨ ವರ್ಷದೊಳಗಿನವರಿಗೆ ಕೊಡುವುದನ್ನು ಭಾರತ ಸರ್ಕಾರ ೨೦೧೧ರಲ್ಲಿಯೇ ನಿಷೇಧಿಸಿದೆ. ನೆಗಡಿ ಕೆಮ್ಮಿನ ಸಿರಪ್ಪುಗಳ ವಿಷಯ ಇನ್ನೂ ಕಠೋರ: ೨೦೨೫ರಲ್ಲಿ ಮಧ್ಯಪ್ರದೇಶದ ಛಿಂದವಾಡಾ ಜಿಲ್ಲೆಯಲ್ಲಿ ಡೈಎಥಿಲೀನ್ ಗ್ಲೈಕಾಲ್ ಎಂಬ ವಿಷ ಬೆರೆತಿದ್ದ ಕೆಮ್ಮಿನ ಔಷಧಿ ಕುಡಿದ ಎಳೆಯ ಮಕ್ಕಳು ಮೂತ್ರಪಿಂಡ ಕೆಟ್ಟು ಪ್ರಾಣಬಿಟ್ಟವು.

ಹೊರನಾಡಿನ ಕನ್ನಡಿಗರಿಗೆ ವಿಶೇಷವಾದ ಇನ್ನೊಂದು ತಡೆಯುಂಟು: ಭಾಷೆಯ ಅಂಜಿಕೆ. ಸಂತೆಯಲ್ಲಿ ತರಕಾರಿ ಕೊಳ್ಳುವಷ್ಟು ಮರಾಠಿಯೋ ತಮಿಳೋ ಹಿಂದಿಯೋ ಬರುತ್ತದೆ. ಮಗುವಿನ ಸಂಕಟವನ್ನು ವಿವರಿಸುವಷ್ಟು ಬರುವುದಿಲ್ಲ. ಆಸ್ಪತ್ರೆಯಲ್ಲಿ ಗದರಿಸಿಯಾರು ಎಂಬ ಹೆದರಿಕೆಯಿಂದ, ಗಂಡ ಕೆಲಸದಿಂದ ಬರಲಿ ಎಂದು ಕಾಯುವ ತಾಯಂದಿರು ಇದ್ದಾರೆ. ಆದರೆ ಆ ಹೊತ್ತಿನಲ್ಲಿ ವೈದ್ಯರಿಗೆ ಬೇಕಾಗುವ ವಿವರಗಳಲ್ಲಿ ಹೆಚ್ಚಿನವು ಅಂಕಿಗಳು. ಮಗು ಹುಟ್ಟಿದ ದಿನಾಂಕ ಮತ್ತು ತೂಕ, ದಿನ ತುಂಬುವ ಮೊದಲೇ ಹುಟ್ಟಿತೆ ಎಂಬುದು, ಜ್ವರ ಎಷ್ಟು, ಯಾವ ಗಂಟೆಗೆ ಅಳೆದದ್ದು, ಕೊನೆಯ ಸಲ ಹಾಲು ಕುಡಿದದ್ದು ಯಾವಾಗ, ಕೊನೆಯ ಸಲ ಉಚ್ಚೆ ಹೊಯ್ದದ್ದು ಯಾವಾಗ, ಏನಾದರೂ ಔಷಧಿ ಕೊಟ್ಟಿದ್ದರೆ ಅದರ ಸೀಸೆ, ಲಸಿಕೆಯ ಕಾರ್ಡು. ಇಷ್ಟನ್ನು ಒಂದು ಚೀಟಿಯಲ್ಲಿ ಬರೆದು ಕೈಗೆ ಕೊಟ್ಟರೆ ಅರ್ಧ ಮಾತು ಮುಗಿಯಿತು. ಶಬ್ದಗಳಲ್ಲಿ ಒಂದನ್ನು ಮಾತ್ರ ಆಯಾ ನಗರದ ಭಾಷೆಯಲ್ಲಿ ಕಲಿತಿಟ್ಟುಕೊಳ್ಳಬೇಕು, "ಹಾಲು ಕುಡಿಯುತ್ತಿಲ್ಲ" ಎಂಬುದನ್ನು.

ಎಲ್ಲಿಗೆ ಹೋಗಬೇಕೆಂಬುದನ್ನು ಜ್ವರ ಬಂದ ಮೇಲೆ ವಿಚಾರಿಸುವುದು ತಡವೇ ಸರಿ. ಮುಂಬಯಿಯ ಪರೇಲಿನ ವಾಡಿಯಾ ಮಕ್ಕಳ ಆಸ್ಪತ್ರೆ, ಚೆನ್ನೈಯ ಎಗ್ಮೋರಿನಲ್ಲಿರುವ ಸರ್ಕಾರಿ ಮಕ್ಕಳ ಆಸ್ಪತ್ರೆ, ಹೈದರಾಬಾದಿನ ನಿಲೋಫರ್, ದೆಹಲಿಯ ಕಲಾವತಿ ಸರನ್, ಪುಣೆಯ ಸಸೂನ್ ಇವು ಬಡವರೂ ಮೆಟ್ಟಿಲೇರಬಹುದಾದ ದೊಡ್ಡ ಆಸ್ಪತ್ರೆಗಳು. ದೂರದ ಬಡಾವಣೆಯಲ್ಲಿರುವವರು ಇವನ್ನೇ ಹುಡುಕಿಕೊಂಡು ಹೋಗಬೇಕೆಂದಿಲ್ಲ. ರಾತ್ರಿ ಮಕ್ಕಳ ವೈದ್ಯರು ಇರುವ ಅತಿ ಸಮೀಪದ ಆಸ್ಪತ್ರೆ ಯಾವುದೆಂದು ಹೆರಿಗೆಗೆ ಮೊದಲೇ ತಿಳಿದಿರಬೇಕು. ೨೦೧೧ರ ಜೂನ್ ೧ರಂದು ಆರಂಭವಾದ ಜನನಿ ಶಿಶು ಸುರಕ್ಷಾ ಕಾರ್ಯಕ್ರಮದಲ್ಲಿ ಸರ್ಕಾರಿ ಆಸ್ಪತ್ರೆಗೆ ಕರೆತಂದ ಅಸ್ವಸ್ಥ ನವಜಾತ ಶಿಶುವಿನ ಚಿಕಿತ್ಸೆ, ಔಷಧಿ, ಪರೀಕ್ಷೆ, ವಾಹನ ಎಲ್ಲವೂ ಉಚಿತ. ಮೊದಲು ೩೦ ದಿನಕ್ಕೆ ಸೀಮಿತವಾಗಿದ್ದ ಈ ಸೌಲಭ್ಯವನ್ನು ಮುಂದೆ ಒಂದು ವರ್ಷದವರೆಗೆ ವಿಸ್ತರಿಸಲಾಯಿತು. ಆಂಬುಲೆನ್ಸಿಗೆ ಮುಂಬಯಿ, ಪುಣೆ, ಚೆನ್ನೈ, ಹೈದರಾಬಾದುಗಳಲ್ಲಿ ೧೦೮, ದೆಹಲಿಯಲ್ಲಿ ೧೦೨. ದೇಶದ ಎಲ್ಲೆಡೆ ತುರ್ತಿಗೆ ೧೧೨. ರಜೆಗೆ ಊರಿಗೆ ಹೋಗಿಬರುವ ರೈಲಿನಲ್ಲಿ ಹಸುಳೆಗೆ ಜ್ವರ ಬಂದರೆ "ಹುಬ್ಬಳ್ಳಿ ಬರಲಿ" ಎಂದು ರಾತ್ರಿಯಿಡೀ ಕೂಡುವುದು ಬೇಡ. ೧೩೯ಕ್ಕೆ ಕರೆ ಮಾಡಿದರೆ, ಟಿಕೆಟ್ ಪರೀಕ್ಷಕರಿಗೆ ಹೇಳಿದರೆ, ಮುಂದಿನ ದೊಡ್ಡ ನಿಲ್ದಾಣದಲ್ಲಿ ವೈದ್ಯರ ನೆರವು ಕೇಳಬಹುದು.

ಆಸ್ಪತ್ರೆಗೆ ಹೋದ ಮೇಲೂ ಕೆಲವರು ಹಿಂದೆಗೆಯುವ ಒಂದು ಘಟ್ಟವಿದೆ. ಬೆನ್ನಿನಿಂದ ನೀರು ತೆಗೆಯಬೇಕು ಎಂದು ವೈದ್ಯರು ಹೇಳಿದೊಡನೆ "ಕಾಲು ಸ್ವಾಧೀನ ತಪ್ಪುತ್ತದಂತೆ" ಎಂಬ ಮಾತು ವರಾಂಡದಲ್ಲಿ ಹಬ್ಬುತ್ತದೆ. ತಂದೆ ಸಹಿ ಹಾಕದೆ ಮಗುವನ್ನು ಮನೆಗೆ ಹೊತ್ತೊಯ್ಯುತ್ತಾನೆ. ಈ ಭಯಕ್ಕೆ ಆಧಾರವಿಲ್ಲ. ಬೆನ್ನುಹುರಿ ಸೊಂಟದ ಮೇಲ್ಭಾಗದಲ್ಲಿಯೇ ಮುಗಿಯುತ್ತದೆ; ಅದು ಮುಗಿದ ಮೇಲಿನ, ಕೆಳಗಿನ ಸಂದಿಯಲ್ಲಿ ಸೂಜಿ ಚುಚ್ಚಿ ಕೆಲವು ಹನಿ ದ್ರವವನ್ನು ಮಾತ್ರ ತೆಗೆಯುತ್ತಾರೆ. ಕಾಲು, ಕಿವಿ, ಬುದ್ಧಿ ಇವುಗಳಿಗೆ ಊನ ತರುವುದು ಆ ಸೂಜಿಯಲ್ಲ, ಚಿಕಿತ್ಸೆ ಕಾಣದ ಮೆನಿಂಜೈಟಿಸ್.

ಮೂರು ತಿಂಗಳು ದಾಟಿದ ಮೇಲೆ ಭಯದ ತೂಕ ಕಡಿಮೆಯಾಗುತ್ತ ಹೋಗುತ್ತದೆ. ಮೂರರಿಂದ ಆರು ತಿಂಗಳ ಮಗುವಿಗೆ ೧೦೨ ಡಿಗ್ರಿ ಬಂದರೆ ಅಂದೇ ವೈದ್ಯರಿಗೆ ತೋರಿಸಬೇಕು. ಆರು ತಿಂಗಳ ನಂತರ ಅಂಕಿಗಿಂತ ಮಗುವಿನ ಚರ್ಯೆಯೇ ಮುಖ್ಯ. ಎಂಟು ಗಂಟೆಯಿಂದ ಉಚ್ಚೆ ಹೊಯ್ಯದಿರುವುದು, ಸಂತೈಸಲಾಗದ ಕೀರಲು ಅಳು, ನೆತ್ತಿಯ ಮೆತ್ತನೆಯ ಭಾಗ ಉಬ್ಬುವುದು ಅಥವಾ ಕುಳಿಬೀಳುವುದು, ತುಟಿ ನೀಲಿಯಾಗುವುದು, ಉಸಿರಿಗೆ ಏದುವುದು, ಮೈಮೇಲೆ ಎದ್ದ ಕೆಂಪು ನೇರಳೆ ಚುಕ್ಕೆಗಳ ಮೇಲೆ ಗಾಜಿನ ಲೋಟವನ್ನು ಒತ್ತಿದಾಗ ಅವು ಮಾಸದೆ ನಿಲ್ಲುವುದು, ಇವುಗಳಲ್ಲಿ ಒಂದು ಕಂಡರೂ ವಯಸ್ಸಿನ ಲೆಕ್ಕವಿಲ್ಲದೆ ಹೊರಡಬೇಕು. ಕಪ್ಪು ಮೈಬಣ್ಣದ ಮಕ್ಕಳಲ್ಲಿ ಆ ಚುಕ್ಕೆಗಳನ್ನು ಅಂಗಾಲು, ಅಂಗೈ, ರೆಪ್ಪೆಯ ಒಳಬದಿಗಳಲ್ಲಿ ಹುಡುಕಬೇಕು.

ಜ್ವರದ ಸೆಳವು ಆರು ತಿಂಗಳಿಂದ ಐದು ವರ್ಷದವರೆಗಿನ ನೂರು ಮಕ್ಕಳಲ್ಲಿ ಎರಡರಿಂದ ಐದಕ್ಕೆ ಬರುತ್ತದೆ. ನೋಡಲು ಭಯಂಕರ, ಬಹುತೇಕ ನಿರಪಾಯ. ಬಾಲಗ್ರಹವೆಂದು ಕೈಯಲ್ಲಿ ಕಬ್ಬಿಣ ಹಿಡಿಸುವುದು, ಮೂಗಿಗೆ ಈರುಳ್ಳಿ ಒಡ್ಡುವುದು, ಹಲ್ಲಿನ ನಡುವೆ ಚಮಚೆ ತುರುಕುವುದು ಯಾವುದೂ ಬೇಡ. ಮಗುವನ್ನು ಒಂದು ಮಗ್ಗುಲಿಗೆ ಮಲಗಿಸಿ ಗಡಿಯಾರ ನೋಡಬೇಕು. ಐದು ನಿಮಿಷಕ್ಕೆ ನಿಲ್ಲದಿದ್ದರೆ ಆಂಬುಲೆನ್ಸು. ನಿಂತರೂ ಮೊದಲನೆಯ ಸಲವಾದರೆ ಆಸ್ಪತ್ರೆ. ಆರು ತಿಂಗಳೊಳಗಿನ ಮಗುವಿಗೆ ಜ್ವರದೊಡನೆ ಸೆಳವು ಬಂದರೆ ಅದನ್ನು ಸಾಧಾರಣ ಜ್ವರದ ಸೆಳವೆಂದು ಎಣಿಸಲೇಬಾರದು.

ಮಳೆಗಾಲದ ಮಹಾನಗರಗಳಲ್ಲಿ ಡೆಂಗ್ಯೂ ಈ ಲೆಕ್ಕವನ್ನೆಲ್ಲ ತಲೆಕೆಳಗು ಮಾಡುತ್ತದೆ. ಅದರ ಅಪಾಯದ ಕಾಲ ಬರುವುದು ಮೂರನೆಯ ದಿನದಿಂದ ಏಳನೆಯ ದಿನದೊಳಗೆ, ಜ್ವರ ಇಳಿಯುವ ಹೊತ್ತಿಗೆ. ಜ್ವರ ಬಿಟ್ಟಿತೆಂದು ಮನೆಯವರು ಉಸಿರುಬಿಡುವಾಗಲೇ ಮಗುವಿನ ಕೈಕಾಲು ತಣ್ಣಗಾಗಿ, ವಾಂತಿ ಹೆಚ್ಚಿ, ಮಗು ಮಂಪರಿಗೆ ಜಾರುತ್ತಿರಬಹುದು.

ಇಷ್ಟೆಲ್ಲ ಓಡಾಡಿ ಕೊನೆಗೆ ವೈದ್ಯರು "ಏನೂ ಇಲ್ಲ, ಮನೆಗೆ ಹೋಗಿ" ಎಂದರೆ ಒಂದು ದಿನದ ಕೂಲಿ ಹೋಯಿತು, ರಿಕ್ಷಾದ ಹಣ ದಂಡವಾಯಿತು ಎಂದು ಗೊಣಗುವವರಿದ್ದಾರೆ. ದುಡಿದು ಉಣ್ಣುವ ಸಂಸಾರಕ್ಕೆ ಆ ಮಾತು ಸುಳ್ಳಲ್ಲ. ಆದರೆ ಮೂರು ತಿಂಗಳೊಳಗಿನ ಮಗುವಿನ ವಿಷಯದಲ್ಲಿ "ಏನೂ ಇಲ್ಲ" ಎಂಬ ಆ ಎರಡು ಶಬ್ದಗಳಿಗಾಗಿಯೇ ಹೋಗಬೇಕಾದದ್ದು. ಗದರುವ ವೈದ್ಯರು ಇದ್ದರೆ ಅದು ಅವರ ದೋಷ, ತಾಯಿಯದಲ್ಲ.

ಕನ್ನಡ ಸಂಘಗಳು ಈ ವಿಷಯದಲ್ಲಿ ಮಾಡಬಹುದಾದದ್ದು ಭಾಷಣವಲ್ಲ, ಒಂದು ಪಟ್ಟಿ. ಪ್ರತಿ ಬಡಾವಣೆಯಲ್ಲಿ ವಾಹನವಿದ್ದು, ಅಲ್ಲಿಯ ಭಾಷೆ ಬಲ್ಲ, ಹಸುಳೆಯ ತಾಯಿಯೊಡನೆ ಆಸ್ಪತ್ರೆಗೆ ಬರಲು ಒಪ್ಪುವ ಇಬ್ಬರು ಮೂವರು ಸದಸ್ಯರ ಹೆಸರು, ದೂರವಾಣಿ. ಕನ್ನಡ ಬಲ್ಲ ಮಕ್ಕಳ ವೈದ್ಯರು ಯಾರಾದರೂ ಇದ್ದರೆ ಅವರದು. ರಾತ್ರಿ ತೆರೆದಿರುವ ಆಸ್ಪತ್ರೆಯ ವಿಳಾಸ. ಅದರಲ್ಲಿ ಗಣ್ಯರ ಹೆಸರಿಗಿಂತ ರಾತ್ರಿ ಎರಡು ಗಂಟೆಗೆ ಫೋನು ಎತ್ತುವವರ ಹೆಸರು ಇರಬೇಕು. ಹೋಟೆಲುಗಳ ಹುಡುಗರಿಗೂ, ಉತ್ತರ ಕರ್ನಾಟಕದಿಂದ ಕಟ್ಟಡದ ಕೆಲಸಕ್ಕೆ ಬಂದು ತಗಡಿನ ಶೆಡ್ಡುಗಳಲ್ಲಿ ಇರುವವರಿಗೂ, ಅವರು ಸಂಘದ ಸದಸ್ಯರಲ್ಲದಿದ್ದರೂ, ಅದು ತಲಪಬೇಕು. ರಾಜ್ಯೋತ್ಸವದ ದಿನ ಊಟದ ಪಂಕ್ತಿಯಲ್ಲಿ ಹಂಚಿದರೂ ಆದೀತು. ಮತ್ತು ವರ್ಷಕ್ಕೊಮ್ಮೆ ಹೊಸದಾಗಿ ಅಚ್ಚು ಹಾಕಿಸಬೇಕು. ಬಾಡಿಗೆ ಮನೆಯವರ ವಿಳಾಸ ಹನ್ನೊಂದು ತಿಂಗಳಿಗೊಮ್ಮೆ ಬದಲಾಗುತ್ತದೆ.